ಮೊದಲ ಚುಚ್ಚು ನಾಗಲಿಂಗಮ್ಮನಿಗೆ

ಕೊಟ್ಟೂರಿನ ನಾಗಲಿಂಗಮ್ಮನ ಎಡಗೈ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬರೀ ಹಸಿರು ಚುಕ್ಕೆಗಳು. ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ, ಒಂದರ ಮೈಮೇಲೆ ಒಂದು ಬಿದ್ದಂತೆ. ಎರಡು ವರ್ಷ ನಾನು ಆ ಕೈಯನ್ನು ನೋಡಿದ್ದೇನೆ. ಆ ಕೈಯಿಂದ ಚಹಾ ಇಸಿದುಕೊಂಡು ಕುಡಿದಿದ್ದೇನೆ. ಒಂದು ಸಲವಾದರೂ ಇದೇನು ಎಂದು ಕೇಳಲಿಲ್ಲ. ಕೇಳುವುದೇ ನನ್ನ ಸಂಬಳದ ಕೆಲಸ.

ನಾನು ಪುಷ್ಪಲತಾ. ಈ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಯಾವ ಊರಿನದು ಅನ್ನುವುದು ಬೇಡ. ತಪ್ಪು ನನ್ನದು, ಕಟ್ಟಡದ್ದಲ್ಲ. ರಕ್ತದಿಂದ ಹರಡುವ ರೋಗಗಳ ಬಗ್ಗೆ ಜನಕ್ಕೆ ತಿಳಿಸುವುದು, ಪರೀಕ್ಷೆಗೆ ಒಪ್ಪಿಸುವುದು, ಫಲಿತಾಂಶ ಕೆಟ್ಟದ್ದು ಬಂದಾಗ ಪಕ್ಕದಲ್ಲಿ ಕೂರುವುದು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನಗೆ ಬಾಯಿ ಜೋರು ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಕಿವಿ ಮಂದ ಎಂದು ಯಾರೂ ಹೇಳಿರಲಿಲ್ಲ, ಅದು ಗೊತ್ತಾಗಿದ್ದು ಈ ವರ್ಷ.

ನಾಗಲಿಂಗಮ್ಮನಿಗೆ ಈಗ ಐವತ್ತೆರಡು. ಆಕೆಯ ಅವ್ವ ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದವಳು. ಮೂರು ಸೂಜಿ ದಾರದಲ್ಲಿ ಬಿಗಿದು ಕಟ್ಟಿ, ದೀಪದ ಕಾಡಿಗೆಗೆ ಗರಗದ ಸೊಪ್ಪಿನ ರಸ ಕಲಸಿ, ಹಾಡು ಹೇಳುತ್ತಾ ಚುಚ್ಚುತ್ತಿದ್ದಳಂತೆ. ಕೊಟ್ಟಷ್ಟು ಜೋಳ ಮೊರದಲ್ಲಿ ಹಾಕಿಸಿಕೊಂಡು ಮುಂದಿನ ಊರು. ಹನ್ನೊಂದನೇ ವರ್ಷಕ್ಕೆ ನಾಗಲಿಂಗಮ್ಮನ ಕೈಗೂ ಸೂಜಿ ಬಂತು. ಅವ್ವ ಹೊಟ್ಟೆ ಉಬ್ಬಿ, ಕಣ್ಣು ಅರಿಸಿನವಾಗಿ ಸತ್ತಳು. ಕಾಮಾಲೆ ಎಂದರು, ಹಳ್ಳಿ ಔಷಧ ಕೊಟ್ಟರು, ಮುಗಿಯಿತು.

ಐದಾರು ವರ್ಷದ ಹಿಂದೆ ನಾಗಲಿಂಗಮ್ಮ ಬ್ಯಾಟರಿ ಮಿಷನ್ನು ಕೊಂಡಳು. ದೊಡ್ಡದೊಂದು ಛತ್ರಿ, ಎರಡು ಸ್ಟೂಲು, ಚಿತ್ರಗಳನ್ನು ಅಂಟಿಸಿದ ಒಂದು ರಟ್ಟು. ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲಿ ಸಂತೆಯೋ ಅಲ್ಲಿ ಆಕೆ. ಹುಡುಗರಿಗೆ ಸಿಂಹದ ಮುಖ, ತ್ರಿಶೂಲ, ಲವ್ವರ್ ಹೆಸರು. ಹೆಸರು ಹಾಕುವ ಮೊದಲು “ಮದುವಿ ಗಟ್ಟಿ ಆಗೈತೇನಪ? ಆಗಿಲ್ಲಂದ್ರ ಅವ್ವನ ಹೆಸರು ಹಾಕಿಸ್ಕೋ, ಅಕಿ ಬದಲಾಗೂದಿಲ್ಲ” ಎಂದು ಛೇಡಿಸುತ್ತಿದ್ದಳು. ಅರ್ಧ ಜನ ಅವ್ವನ ಹೆಸರೇ ಹಾಕಿಸಿಕೊಂಡು ಏಳುತ್ತಿದ್ದರು.

ಎರಡು ವರ್ಷದ ಹಿಂದೆ ಹಡಗಲಿ ಸಂತೆಯಲ್ಲಿ ನಾನು ಆಕೆಯನ್ನು ಬೈದೆ. ಒಂದೇ ಸೂಜಿಯಲ್ಲಿ ನಾಲ್ಕು ಜನಕ್ಕೆ ಹಾಕುತ್ತಿದ್ದಳು. ಜನರ ಮುಂದೆ ಬೈಸಿಕೊಂಡವರು ಸಾಮಾನ್ಯವಾಗಿ ತಿರುಗಿ ಬೈಯುತ್ತಾರೆ. ಈಕೆ ಹದಿನೈದು ದಿನ ಬಿಟ್ಟು ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಬಂದು ನನ್ನ ಮೇಜಿನ ಮುಂದೆ ಕೂತಳು.

“ನಂಗ ಓದಾಕ ಬರೂದಿಲ್ರಿ ಮೇಡಂ. ಎಲ್ಲಾ ಬಾಯಿಲೇ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ಹೇಳಿದೆ. ಒಬ್ಬರಿಗೆ ಒಂದು ಸೂಜಿ, ಅವರೆದುರಿಗೇ ಪಾಕೀಟು ಹರಿಯಬೇಕು. ಬಣ್ಣವನ್ನು ಸಣ್ಣ ಮುಚ್ಚಳಕ್ಕೆ ಬಗ್ಗಿಸಿಕೊಂಡು ಉಳಿದದ್ದು ಚೆಲ್ಲಬೇಕು. ಕೈಗೆ ಗ್ಲೌಸ್. ಜ್ವರ ಇದ್ದವರಿಗೆ, ಹದಿನೆಂಟು ತುಂಬದವರಿಗೆ ಇಲ್ಲ. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಹಾಕಿ ನಮ್ಮಲ್ಲಿಗೇ ತಂದುಕೊಡಬೇಕು. ಒಂದನ್ನೂ ತಪ್ಪಿಸಲಿಲ್ಲ ಮಹಾತಾಯಿ. ಸಂತೆಯಲ್ಲಿ ಜನ ಆಕೆಯದನ್ನು ‘ಡಾಕ್ಟರ್ ಹಚ್ಚಿ’ ಎನ್ನತೊಡಗಿದರು. ಲೈಸೆನ್ಸು ಬೇಕೆಂದು ಒಂದು ಕಚೇರಿಗೂ ಅಲೆದಳು. ಅರ್ಜಿಯಲ್ಲಿ ಕ್ಷೌರಕ್ಕೆ ಕಾಲಂ ಇತ್ತು, ಬ್ಯೂಟಿ ಪಾರ್ಲರಿಗೆ ಇತ್ತು, ಕೋಳಿ ಅಂಗಡಿಗೂ ಇತ್ತು. ಹಚ್ಚೆಗೆ ಇರಲಿಲ್ಲ. ‘ಇತರೆ’ ಎಂದು ಬರೆದುಕೊಂಡು ಕಳಿಸಿದರು. ಮನುಷ್ಯರ ಚರ್ಮ ತೂತು ಮಾಡುವ ಕೆಲಸ ನಮ್ಮಲ್ಲಿ ಇತರೆ. ಕೇಳುವವರಿಲ್ಲ, ನೋಡುವವರಿಲ್ಲ, ನಾನೊಬ್ಬಳು ಇದ್ದೆ. ನಾನು ಭೇಷ್ ಎಂದು ಬೆನ್ನು ತಟ್ಟಿದೆ.

ಈ ವರ್ಷ ಫೆಬ್ರವರಿಯಲ್ಲಿ ಹಚ್ಚೆ ಹಾಕುವವರಿಗೆಂದೇ ಒಂದು ದಿನದ ತರಬೇತಿ ಇಟ್ಟೆವು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಸಮುದಾಯ ಭವನ, ಉಪ್ಪಿಟ್ಟು, ಚಹಾ. ಹದಿನಾಲ್ಕು ಜನ ಬಂದಿದ್ದರು. ಅರ್ಧ ಜನ ಮೊಬೈಲು ನೋಡುತ್ತಿದ್ದರು. ಭಾಷಣದಿಂದ ಆಗುವ ಕೆಲಸ ಅಲ್ಲ ಅನ್ನಿಸಿ, “ನಾಗಲಿಂಗಮ್ಮ, ಬರ್ರಿ ಇಲ್ಲಿ, ನೀವೇ ಮಾಡಿ ತೋರಿಸ್ರಿ” ಎಂದು ಕರೆದೆ. ನನ್ನ ಶಿಷ್ಯೆಯನ್ನು ಮೆರೆಸುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಗುರುಬಸವರಾಜ ಎನ್ನುವ ನಮ್ಮ ಕ್ಲರ್ಕು ತೋಳಿಗೆ ಒಂದು ನಕ್ಷತ್ರ ಹಾಕಿಸಿಕೊಳ್ಳುವೆನೆಂದು ಮುಂದೆ ಬಂದು ಕೂತ. ನಾಗಲಿಂಗಮ್ಮ ಸೋಪಿನಲ್ಲಿ ಕೈ ತೊಳೆದಳು. ಗ್ಲೌಸ್ ಏರಿಸಿದಳು. ಮುಚ್ಚಳಕ್ಕೆ ಬಣ್ಣ ಬಗ್ಗಿಸಿದಳು. ಪಾಕೀಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಹರಿದಳು, ಸೂಜಿ ಕೂರಿಸಿದಳು. ನಾನು ಪ್ರತಿ ಹೆಜ್ಜೆಗೂ ‘ನೋಡ್ರಿ, ನೋಡ್ರಿ’ ಎನ್ನುತ್ತಾ ಬೀಗುತ್ತಿದ್ದೆ. ಆಮೇಲೆ ಆಕೆ ಸ್ಪಿರಿಟ್ಟಿನ ಹತ್ತಿಯಿಂದ ತನ್ನದೇ ಎಡಗೈ ಒರೆಸಿಕೊಂಡು, ಮಿಷನ್ನು ಚಾಲೂ ಮಾಡಿ, ತನ್ನ ಕೈಗೇ ಒಂದು ಚುಕ್ಕೆ ಹಾಕಿಕೊಂಡಳು. ಒಂದು ಹನಿ ರಕ್ತ ಬಂತು. ಒರೆಸಿದಳು. ಅದೇ ಸೂಜಿಯನ್ನು ಗುರುಬಸವರಾಜನ ತೋಳಿಗೆ ಒಯ್ದಳು.

“ನಿಲ್ಲಮ್ಮಾ!” ಎಂದು ನಮ್ಮ ಡಾಕ್ಟರು ಕುರ್ಚಿ ಬೀಳಿಸಿಕೊಂಡು ಎದ್ದರು. ಗುರುಬಸವರಾಜ ಸ್ಟೂಲಿನಿಂದ ಹಾರಿ ಗೋಡೆಗೆ ಹೋಗಿ ನಿಂತ. ನಾಗಲಿಂಗಮ್ಮ ಮಿಷನ್ನು ಹಿಡಿದುಕೊಂಡೇ ಎಲ್ಲರ ಮುಖ ನೋಡಿದಳು.

“ಯಾಕ್ರಿ? ಹೊಸಾ ಸೂಜೀನ ಐತಲ್ರಿ.”

“ನಿಮ್ಮ ಕೈಗೆ ಯಾಕೆ ಚುಚ್ಚಿಕೊಂಡ್ರಿ?” ಎಂದೆ.

“ಮೊದಲ ನಂಗ, ಆಮ್ಯಾಲ ಅವ್ರಿಗೆ. ನಮ್ಮವ್ವ ಆಣಿ ಹಾಕಿಸ್ಯಾಳ್ರಿ. ನಿನ್ನ ಮೈಗೆ ತಾಗದ ಸೂಜಿ ಬ್ಯಾರೇರ ಮೈಗೆ ತಾಗಿಸಬ್ಯಾಡ, ಅವ್ರ ನೋವು ಮೊದಲ ನಿಂಗ ಗೊತ್ತಾಗಬೇಕು ಅಂತ. ಸೂಜಿ ಮೊಂಡ ಇದ್ರೂ ತಿಳೀತೈತಿ, ಬಣ್ಣ ಉರಿಯಾಕತ್ರೂ ತಿಳೀತೈತಿ. ಒಬ್ರಿಗೂ ತಪ್ಸಿಲ್ರಿ.”

ಒಬ್ಬರಿಗೂ ತಪ್ಪಿಸಿಲ್ಲ. ಆಗ ನಾನು ಆ ಕೈಯನ್ನು ಮೊದಲ ಸಲ ನಿಜವಾಗಿ ನೋಡಿದೆ. ಒಂದೊಂದು ಚುಕ್ಕೆ ಒಬ್ಬೊಬ್ಬ ಮನುಷ್ಯ. ಯಾರದೋ ರಕ್ತ ಇನ್ನೊಬ್ಬರಿಗೆ ಹೋಗಬಾರದೆಂದು ಎರಡು ವರ್ಷ ಪಾಠ ಹೇಳಿದ್ದೆ. ಹಚ್ಚೆ ಹಾಕುವವಳಿಗೂ ರಕ್ತ ಇರುತ್ತದೆ ಅನ್ನುವುದು ನನ್ನ ಪಾಠದಲ್ಲಿ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನೇ.

ಅವತ್ತೇ ಆಕೆಯ ರಕ್ತ ತೆಗೆದೆವು. ಕಾರ್ಡಿನ ಮೇಲೆ ಎರಡು ಹನಿ, ಇಪ್ಪತ್ತು ನಿಮಿಷ. ಒಂದು ಗೆರೆ ಮೂಡಿದರೆ ಇಲ್ಲ, ಎರಡು ಮೂಡಿದರೆ ಉಂಟು. ಎಚ್‌ಐವಿ ಕಾರ್ಡಿನಲ್ಲಿ ಒಂದೇ ಗೆರೆ. ಹೆಪಟೈಟಿಸ್ ಬಿ ಕಾರ್ಡಿನಲ್ಲಿ ಎರಡನೇ ಗೆರೆ ಐದು ನಿಮಿಷಕ್ಕೇ ಎದ್ದು ಕೂತಿತ್ತು.

“ಇದು ಲಿವರಿಗೆ ಬರುವ ರೋಗ, ನಾಗಲಿಂಗಮ್ಮ. ಕಾಮಾಲೆಯ ಜಾತಿಯದೇ. ನಿಮ್ಮ ಅವ್ವನಿಂದ ಹುಟ್ಟುವಾಗಲೇ ಬಂದಿರಬಹುದು, ಹಳೇ ಸೂಜಿಗಳಿಂದ ಬಂದಿರಬಹುದು. ಎಷ್ಟೋ ಜನಕ್ಕೆ ಮೂವತ್ತು ವರ್ಷ ಗೊತ್ತೇ ಆಗಲ್ಲ. ಹೆದರಬೇಡಿ, ಔಷಧ ಇದೆ...” ನಾನು ಹದಿನಾಲ್ಕು ವರ್ಷದ ಅಭ್ಯಾಸದಂತೆ ಹೇಳುತ್ತಾ ಹೋದೆ. ಆಕೆ ಕೇಳುತ್ತಿರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಎದ್ದು ನಿಂತಿದ್ದಳು.

“ಅರ್ಚನಾ,” ಎಂದಳು. “ಮೇಡಂ, ಅರ್ಚನಾಗ ತೊಟ್ಟಿಲ ಹಾಕೀನ್ರಿ.”

ಅರ್ಚನಾ ಆಕೆಯ ಸೊಸೆ, ನೀಲಗುಂದದ ಹುಡುಗಿ. ಮಗ ಯರ್ರಿಸ್ವಾಮಿಗೆ ಕೊಟ್ಟು ಎರಡು ವರ್ಷ. ಐದು ತಿಂಗಳ ಬಸುರಿ. ಮೂರು ತಿಂಗಳು ತುಂಬಿದಾಗ ಸೊಸೆಯ ಮುಂಗೈಗೆ ಅತ್ತೆ ತೊಟ್ಟಿಲಿನ ಹಚ್ಚೆ ಹಾಕುವುದು ಅವರ ಮನೆಯ ಪದ್ಧತಿ. ಜನವರಿ ಮೊದಲ ವಾರ, ಅಂದರೆ ಆರು ವಾರದ ಹಿಂದೆ, ಹೊಸ ಸೂಜಿ ಹರಿದು, ಮೊದಲು ತನಗೆ ಚುಚ್ಚಿಕೊಂಡು, ಆಮೇಲೆ ಸೊಸೆಗೆ.

ಮಧ್ಯಾಹ್ನದ ಬಸ್ಸಿಗೆ ಆಕೆಯನ್ನು ಹತ್ತಿಸಿ, ನಾಳೆಯೇ ಸೊಸೆಯನ್ನು ಕರೆದುಕೊಂಡು ಬನ್ನಿ ಎಂದೆ. ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಫೋನು ಎತ್ತಲಿಲ್ಲ. ಮೂರನೇ ದಿನ ನಾನೇ ಕೊಟ್ಟೂರಿಗೆ ಹೋದೆ.

ನಾಗಲಿಂಗಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತನಗೆಂದು ತಾನೇ ಎತ್ತಿಟ್ಟುಕೊಂಡ ಒಂದು ಬೇರೆ ತಟ್ಟೆ, ಬೇರೆ ಲೋಟ. ಹೊಸ್ತಿಲಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. ನನ್ನನ್ನು ಕಂಡವಳೇ ಕೈ ಮುಗಿದು, “ಹೇಳೀಲ್ರಿ. ಅಕಿ ಮುಖ ನೋಡಿದ್ರ ಬಾಯಿ ಬರವೊಲ್ದು. ನೀವ ಹೇಳ್ರಿ” ಎಂದಳು. ಒಳಗೆ ಅರ್ಚನಾ ಹಾಡು ಗುನುಗುತ್ತಾ ಅಕ್ಕಿ ಆರಿಸುತ್ತಿದ್ದಳು. ನನ್ನ ಕೆಲಸದಲ್ಲಿ ಇಂಥ ಗಳಿಗೆ ಎಷ್ಟೋ ಬಂದಿವೆ. ಆ ಹುಡುಗಿಯ ಮುಂದೆ ಕೂತು, ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದೆ.

ಹೇಳಿ ಮುಗಿಸಿದಾಗ ಅರ್ಚನಾ ಅಳಲಿಲ್ಲ. ಮುಂಗೈ ಮೇಲಿನ ತೊಟ್ಟಿಲನ್ನು ನೋಡಿದಳು. ಸೆರಗಿನ ತುದಿಯನ್ನು ಎಂಜಲಲ್ಲಿ ನೆನೆಸಿ ಅದನ್ನು ತಿಕ್ಕತೊಡಗಿದಳು. ಚರ್ಮ ಕೆಂಪಾಗುವವರೆಗೆ ತಿಕ್ಕಿದಳು. ನಾನು ಕೈ ಹಿಡಿದುಕೊಳ್ಳಬೇಕಾಯಿತು.

“ಕೂಸಿಗೆ?” ಎಂದು ಕೇಳಿದಳು. “ಕೂಸಿಗೂ ಬರ್ತೈತೇನ್ರಿ?”

“ನಿಮಗೆ ಬಂದಿದ್ದರೆ ಹೆರಿಗೆ ಹೊತ್ತಿನಲ್ಲಿ ಬರಬಹುದು. ತಡೆಯಲು ಇಂಜೆಕ್ಷನ್ ಇವೆ. ಮೊದಲು ನಿಮಗೆ ಬಂದಿದೆಯೋ ಇಲ್ಲವೋ ನೋಡೋಣ.”

ಬಸುರಿಯರಿಗೆ ಆಸ್ಪತ್ರೆಯಿಂದ ಕೊಡುವ ಆಕೆಯ ‘ತಾಯಿ ಕಾರ್ಡಿ’ನಲ್ಲಿ ಎರಡನೇ ತಿಂಗಳ ರಕ್ತಪರೀಕ್ಷೆ ಬರೆದಿತ್ತು: ಹೆಪಟೈಟಿಸ್ ಬಿ ಇಲ್ಲ. ಅದನ್ನು ಓದಿ ನನಗೆ ಇನ್ನಷ್ಟು ಭಯವಾಯಿತು. ಈಗ ಇದೆ ಎಂದು ಬಂದರೆ ಅದು ಎಲ್ಲಿಂದ ಬಂತು ಎಂದು ಯಾರೂ ಯೋಚನೆ ಮಾಡುವ ಹಾಗೇ ಇರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮಾಡಿದ ಮೊದಲ ಪರೀಕ್ಷೆಯಲ್ಲಿ ಒಂದೇ ಗೆರೆ. ಅರ್ಚನಾ ಉಸಿರು ಬಿಟ್ಟಳು, ನಾಗಲಿಂಗಮ್ಮ ನೆಲಕ್ಕೆ ಕೂತುಬಿಟ್ಟಳು. ಡಾಕ್ಟರು ಮಾತ್ರ ಪೂರ್ತಿ ನಗಲಿಲ್ಲ. ಈ ರೋಗ ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವೊಮ್ಮೆ ತಿಂಗಳುಗಳೇ ಬೇಕು. ಚುಚ್ಚಿದ ವಾರದೊಳಗೆ ಬಂದಿದ್ದರೆ ಕೊಡುವ ಒಂದು ಇಂಜೆಕ್ಷನ್ ಇತ್ತು, ಅದರ ಕಾಲ ದಾಟಿದೆ. ಲಸಿಕೆ ಇವತ್ತೇ ಶುರು ಮಾಡೋಣ, ಏಪ್ರಿಲಿನಲ್ಲಿ ಮತ್ತೆ ನೋಡೋಣ, ಹೆರಿಗೆಗೆ ಮುಂಚೆ ಇನ್ನೊಂದು ಸಲ ನೋಡೋಣ ಎಂದರು. ಅಂದರೆ ಭಯ ಹೋಗಲಿಲ್ಲ, ಅದಕ್ಕೆ ತಾರೀಖು ಬಿತ್ತು ಅಷ್ಟೆ.

ಆ ತಾರೀಖುಗಳ ನಡುವೆ ನಾಗಲಿಂಗಮ್ಮ ಏನು ಮಾಡಿದಳೆಂದು ಹೇಳುತ್ತೇನೆ. ಮಿಷನ್ನು ನನ್ನ ಮೇಜಿನ ಮೇಲೆ ತಂದಿಟ್ಟು ಹೋದಳು. ಆಕೆಯ ಮೊಬೈಲಿನಲ್ಲಿ ತಾನು ಹಾಕಿದ ಹಚ್ಚೆಗಳ ಫೋಟೋ ಇದ್ದವು, ಮುನ್ನೂರಕ್ಕೂ ಮೇಲೆ. ಒಂದರಲ್ಲೂ ಮುಖವಿಲ್ಲ, ಬರೀ ಕೈಗಳು. ಸಿಂಹದ ಕೈ, ಹೆಸರಿನ ಕೈ, ಬಳೆ ತುಂಬಿದ ಕೈ, ಗ್ರೀಸು ಮೆತ್ತಿದ ಕೈ. ಆ ಮೊಬೈಲು ಹಿಡಿದು ಆಕೆ ಮತ್ತೆ ಸಂತೆಗಳಿಗೆ ಹೋದಳು. ಛತ್ರಿಯಿಲ್ಲ, ಸ್ಟೂಲಿಲ್ಲ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರ ಮುಂದೆ ನಿಂತು, “ಈ ಕೈ ಯಾರ್ದವ್ವ? ನೋಡಿ ಹೇಳ್ರಿ. ರಕ್ತ ತೋರಿಸಬೇಕಂತ ಹೇಳ್ರಿ” ಎಂದು ಕೇಳಿದಳು. ನಾನು ಬೇಡ ಎಂದಿದ್ದೆ. ಇಲಾಖೆಯಿಂದ ಗುಟ್ಟಾಗಿ ವಿಚಾರಿಸುತ್ತೇವೆ, ನಿಮ್ಮ ಹೆಸರು ಬರುವುದಿಲ್ಲ ಎಂದಿದ್ದೆ. “ನನ್ನ ಹೆಸರು ಬರ್ಲಿಲ್ಲಂದ್ರ ಅವ್ರಿಗೆ ಹೆಂಗ್ರಿ ಗೊತ್ತಾಗ್ತೈತಿ, ಅವ್ರಿಗೆ ಚುಚ್ಚಿದ್ದು ನಾನ ಅಂತ?” ಎಂದು ಹೊರಟೇಬಿಟ್ಟಳು.

ಹರಪನಹಳ್ಳಿಯಲ್ಲಿ ಒಬ್ಬ ಮೊಬೈಲು ಕಿತ್ತು ಚರಂಡಿಗೆ ಎಸೆದ. ಗ್ಯಾರೇಜಿನ ಶೇಖಾವಲಿ ಅನ್ನುವವನು ಅದನ್ನು ತೆಗೆದು, ತೊಳೆದು, ಒಣಗಿಸಿ ಕೊಟ್ಟನಂತೆ. ಕೂಡ್ಲಿಗಿಯ ಹೊಸಹಳ್ಳಿಯಲ್ಲಿ ಒಬ್ಬಳು, “ನಮ್ ಹುಡುಗಿ ಮದುವಿ ಗೊತ್ತಾಗೈತಿ, ಬಾಯಿ ಮುಚ್ಕೊಂಡು ಹೋಗು” ಎಂದು ಬಾಗಿಲು ಹಾಕಿಕೊಂಡಳಂತೆ. ನಾಗಲಿಂಗಮ್ಮನ ಬಾಯಿ ಮುಚ್ಚಲಿಲ್ಲ; ಮರುದಿನ ಆ ಹುಡುಗಿಯೇ ಮುಖಕ್ಕೆ ಓಢಣಿ ಸುತ್ತಿಕೊಂಡು ನನ್ನ ಹತ್ತಿರ ಬಂದಳು.

ನಾಲ್ಕು ತಿಂಗಳಲ್ಲಿ ಎಂಬತ್ತಾರು ಜನ ಬಂದರು. ಇಬ್ಬರಿಗೆ ರೋಗ ಇತ್ತು. ನಾಗಲಿಂಗಮ್ಮನಿಂದಲೇ ಬಂತೇ ಎಂದು ಡಾಕ್ಟರನ್ನು ಕೇಳಿದೆ. ಹುಟ್ಟಿನಿಂದ ಬಂದಿರಬಹುದು, ಕ್ಷೌರದ ಬ್ಲೇಡಿನಿಂದಲೂ ಇರಬಹುದು, ಹೇಳಲು ಬರುವುದಿಲ್ಲ ಎಂದರು. ಸಮಾಧಾನಕ್ಕೆಂದು ಅದನ್ನೇ ನಾನು ಆಕೆಗೆ ಹೇಳಿದೆ.

“ಹಂಗಾರ ನನ್ನಿಂದ ಅಲ್ಲ ಅಂತಾನೂ ಹೇಳಾಕ ಬರೂದಿಲ್ಲ,” ಎಂದಳು.

ಏಪ್ರಿಲಿನಲ್ಲಿ ಅರ್ಚನಾಳ ಎರಡನೇ ಪರೀಕ್ಷೆ. ಇಪ್ಪತ್ತು ನಿಮಿಷ ನಾವು ಮೂವರೂ ಆ ಕಾರ್ಡನ್ನು ಹಾವಿನ ಹೆಡೆ ನೋಡುವ ಹಾಗೆ ನೋಡುತ್ತಾ ಕೂತೆವು. ಒಂದೇ ಗೆರೆ. ಜೂನ್ ಕೊನೆಗೆ ಮೂರನೆಯದು. ಅಷ್ಟರಲ್ಲಿ ಅರ್ಚನಾ ಹೊಟ್ಟೆ ಹೊತ್ತು ನಡೆಯಲು ಏದುಸಿರು ಬಿಡುತ್ತಿದ್ದಳು. ಅತ್ತೆ ಸೊಸೆ ಒಂದೇ ಬಸ್ಸಿನಲ್ಲಿ ಬಂದರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬರುತ್ತಿದ್ದರು; ಸೊಸೆ ದೂರ ಮಾಡಿದ್ದಲ್ಲ, ಅತ್ತೆಯೇ ಹತ್ತಿರ ಕೂರುತ್ತಿರಲಿಲ್ಲ. ಆ ಸಲವೂ ಒಂದೇ ಗೆರೆ. ಡಾಕ್ಟರು ಈ ಸಲ ಬಾಯಿ ತುಂಬ ನಕ್ಕು, “ಮುಗೀತಮ್ಮ, ತಾಯಿನೂ ಸೇಫು, ಮಗೂನೂ ಸೇಫು” ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ. ನಾಗಲಿಂಗಮ್ಮ ಅಳಲಿಲ್ಲ, ನಗಲೂ ಇಲ್ಲ. “ಮುಗೀತಂತೇನ್ರಿ?” ಎಂದು ನನ್ನನ್ನು ಎರಡು ಸಲ ಕೇಳಿದಳು.

ಜುಲೈ ಎರಡನೇ ವಾರ ಅರ್ಚನಾ ಹೆತ್ತಳು. ಹೆಣ್ಣು ಕೂಸು. ಎಲ್ಲ ಮಕ್ಕಳಿಗೂ ಕೊಡುವ ಹಾಗೆ ಹುಟ್ಟಿದ ದಿನವೇ ಲಸಿಕೆ ಹಾಕಿದರು. ನಾನು ಬೆಳಿಗ್ಗೆ ವಾರ್ಡಿಗೆ ಹೋದಾಗ ಅರ್ಚನಾ ಕೂಸಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಮುಂದೆ ಹಿಡಿದಿದ್ದಳು. ನಾಗಲಿಂಗಮ್ಮ ಬಾಗಿಲ ಹತ್ತಿರ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ.

“ಎತ್ಕೊಳ್ರಿ ಅತ್ತಿ,” ಎಂದಳು ಅರ್ಚನಾ. “ಹುಟ್ಟಿದಾಗಿಂದ ಒಮ್ಮೇನೂ ಮುಟ್ಟಿಲ್ಲ ಇವ್ರು. ನೀವಾರ ಹೇಳ್ರಿ ಮೇಡಂ.”

ನನಗೆ ಸಿಟ್ಟು ಬಂತು. ಐದು ತಿಂಗಳಿಂದ ಹೇಳಿದ್ದನ್ನೇ ಹೇಳಿ ನಾಲಿಗೆ ಸವೆದಿತ್ತು. “ಎಷ್ಟು ಸಲ ಹೇಳಬೇಕು ನಾಗಲಿಂಗಮ್ಮ? ಮುಟ್ಟಿದರೆ ಬರಲ್ಲ. ಎತ್ತಿಕೊಂಡರೆ ಬರಲ್ಲ. ಮುದ್ದು ಕೊಟ್ಟರೂ ಬರಲ್ಲ. ಎತ್ತಿಕೊಳ್ಳಿ ಅಂದರೆ ಎತ್ತಿಕೊಳ್ಳಿ.”

ಆಕೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನೀವು ಹೇಳಿದ್ದು ಒಂದಾರ ಬಿಟ್ಟೀನೇನ್ರಿ ಮೇಡಂ? ಹೊಸ ಸೂಜಿ ಅಂದ್ರಿ, ಹೊಸದ ತಂದೆ. ಗ್ಲೌಸ್ ಅಂದ್ರಿ, ಹಾಕ್ಕೊಂಡೆ. ಜ್ವರ ಇದ್ದೋರಿಗೆ ಬ್ಯಾಡ ಅಂದ್ರಿ, ವಾಪಸ್ ಕಳಿಸಿದೆ. ಈಗ ಎತ್ಕೋ ಅಂತೀರಿ, ಎತ್ಕೊಂತೀನಿ. ಅದಕ್ಕೂ ಮೊದಲ ಒಂದು ಮಾತು ಹೇಳ್ರಿ. ನನ್ನ ಕೇಳಬೇಕಾದ್ದು ಇನ್ನೂ ಏನಾರ ಮರ್ತೀರೇನು?”

ಇಲ್ಲ ಎನ್ನಬೇಕಿತ್ತು. ಇಲ್ಲ ಎನ್ನುವುದೇ ನಿಜವೂ ಆಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ತಲೆ ತನ್ನಷ್ಟಕ್ಕೆ ಹುಡುಕತೊಡಗಿತು: ಆಕೆಯ ಬೆರಳಲ್ಲಿ ಬಿರುಕಿದೆಯೇ, ಉಗುರಿನಲ್ಲಿ ಗಾಯವಿದೆಯೇ, ಕೂಸನ್ನು ಎತ್ತಿಕೊಳ್ಳುವಾಗಲೂ ಅವರ ಮನೆಯಲ್ಲಿ ನನಗೆ ಗೊತ್ತಿಲ್ಲದ ಇನ್ನಾವುದಾದರೂ ಪದ್ಧತಿ ಇದೆಯೇ. ಒಂದು ಗಳಿಗೆ, ಹೆಚ್ಚೆಂದರೆ ಎರಡು.

ಆಮೇಲೆ “ಇಲ್ಲ” ಎಂದೆ.

ಆ ಗಳಿಗೆಯನ್ನು ಆಕೆ ನೋಡಿಬಿಟ್ಟಿದ್ದಳು.

“ಇರ್ಲಿ ಬಿಡ್ರಿ,” ಎಂದು ಸೆರಗನ್ನು ಕೈಗಳ ಸುತ್ತ ಇನ್ನಷ್ಟು ಬಿಗಿದುಕೊಂಡು, ಬಾಗಿಲಲ್ಲೇ ನಿಂತು ಮೊಮ್ಮಗಳನ್ನು ನೋಡತೊಡಗಿದಳು.